ಹಳೆಯ ಬುಲೆಟ್ಟಿನ ಗೇರ್ ಸರಿಯಾಗಿ ಬೀಳದಿದ್ದರೆ

ಬಲಗಾಲಿನ ಕಡೆ ಗೇರ್ ಲಿವರ್ ಇರುವ, ನಾಲ್ಕು ಗೇರಿನ ಎನ್‌ಫೀಲ್ಡ್ ಬುಲೆಟ್ಟನ್ನು ಇಂದಿಗೂ ಓಡಿಸುವವರಿಗೆ ಒಂದು ತೊಂದರೆ ಚಿರಪರಿಚಿತವಾದುದು. ಎರಡರಿಂದ ಮೂರಕ್ಕೆ ಗೇರ್ ಬಿದ್ದಿತೆಂದು ಭಾವಿಸಿ ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಮುಂದಕ್ಕೆ ಹೋಗದೆ ಎಂಜಿನ್ ಮಾತ್ರ ಅರಚುತ್ತದೆ. ಸವಾರರು ಇದನ್ನು ಫಾಲ್ಸ್ ನ್ಯೂಟ್ರಲ್ ಎನ್ನುತ್ತಾರೆ. ಈ ಗೇರ್‌ಬಾಕ್ಸ್ ಇಂಗ್ಲೆಂಡಿನ ಆಲ್ಬಿಯನ್ ಸಂಸ್ಥೆಯ ವಿನ್ಯಾಸ. 1955ರಲ್ಲಿ ಮದರಾಸಿನಲ್ಲಿ ನೆಲೆಗೊಂಡ ಬುಲೆಟ್ಟಿನ ಜೊತೆಗೆ ಇಲ್ಲಿಗೆ ಬಂದು, ದಶಕಗಳ ಕಾಲ ಹೆಚ್ಚು ಬದಲಾಗದೆ ಉಳಿಯಿತು. ಗೇರ್ ಕೈಕೊಟ್ಟ ಕೂಡಲೇ ಗೇರ್‌ಬಾಕ್ಸನ್ನೇ ಬಿಚ್ಚಬೇಕೆಂದು ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ಇಂತಹ ದೋಷಗಳಲ್ಲಿ ಹೆಚ್ಚಿನವು ಒಳಗಿನ ಗೇರುಗಳಲ್ಲಿರದೆ ಕ್ಲಚ್ಚಿನಲ್ಲಿಯೋ, ಲಿವರಿನ ಪ್ರತಿ ಒತ್ತಿಗೆ ಒಂದೊಂದೇ ಗೇರ್ ಬದಲಿಸುವ ಹಲ್ಲಿನ ಭಾಗವಾದ ಹೊರಗಿನ ರ‍್ಯಾಚೆಟ್ಟಿನಲ್ಲಿಯೋ ಇರುತ್ತವೆ. ಆದ್ದರಿಂದ ಹೊರಗಿನಿಂದ ಒಳಕ್ಕೆ ಹೋಗುವುದೇ ಸರಿಯಾದ ಕ್ರಮ.

ಮೊದಲು ದೋಷ ಎಲ್ಲಿದೆಯೆಂದು ಗುರುತಿಸಬೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆರಿಸಿ, ಒಂದು ಕೈಯಿಂದ ಹಿಂದಿನ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಇನ್ನೊಂದು ಕೈಯಿಂದ ಗೇರ್ ಲಿವರನ್ನು ಒಂದೊಂದೇ ಗೇರಿಗೆ ಹಾಕಿ ನೋಡಿ. ಈ ಗಾಡಿಯಲ್ಲಿ ಮೊದಲ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಚಕ್ರ ತಿರುಗಿಸದೆ ಪರೀಕ್ಷಿಸಿದರೆ ಗೇರುಗಳನ್ನು ಒಂದಕ್ಕೊಂದು ಕಚ್ಚಿಸುವ ಒಳಗಿನ ಚಾಚುಹಲ್ಲುಗಳಾದ ಡಾಗ್‌ಗಳು ಮುಖಕ್ಕೆ ಮುಖ ತಾಗಿ ನಿಂತು, ಸರಿಯಿರುವ ಗೇರ್ ಕೂಡ ಬೀಳದಂತೆ ಕಾಣಬಹುದು. ಎಂಜಿನ್ ಆರಿದ್ದಾಗ ನಾಲ್ಕೂ ಗೇರ್ ಸಲೀಸಾಗಿ ಬಿದ್ದು, ಎಂಜಿನ್ ಓಡುತ್ತಿದ್ದಾಗ ಮಾತ್ರ ಕರಕರ ಸದ್ದಾಗುವುದು, ನ್ಯೂಟ್ರಲ್ ಸಿಗದೆ ಸತಾಯಿಸುವುದು ಕಂಡುಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ತಿಳಿಯಬೇಕು. ಎಂಜಿನ್ ಆರಿದ್ದಾಗಲೂ ತೊಂದರೆ ಇದ್ದರೆ ರ‍್ಯಾಚೆಟ್ಟನ್ನು ನೋಡಬೇಕು.

ಕ್ಲಚ್ಚಿನ ವಿಷಯದಲ್ಲಿ ಕೇಬಲ್ಲಿನಿಂದ ಪ್ರಾರಂಭಿಸಿ. ಹ್ಯಾಂಡಲ್ ಬಳಿ ಲಿವರಿನಲ್ಲಿ ಎರಡು ಮೂರು ಮಿಲಿಮೀಟರ್ ಪ್ಲೇ, ಅಂದರೆ ಬರಿಚಲನೆ, ಇದ್ದರೆ ಸಾಕು; ಅದಕ್ಕಿಂತ ಹೆಚ್ಚಿದ್ದರೆ ಎಳೆದ ಎಳೆತವೆಲ್ಲ ಕೇಬಲ್ ಬಿಗಿಯುವುದರಲ್ಲೇ ಮುಗಿದು ಪ್ಲೇಟುಗಳು ಬೇರಾಗುವುದಿಲ್ಲ. ಕೇಬಲ್ಲಿನಿಂದ ಸರಿಹೋಗದಿದ್ದರೆ ಕ್ಲಚ್ಚನ್ನು ಮುಚ್ಚಿರುವ ಪ್ರೈಮರಿ ಕವರ್ ತೆಗೆದು, ಯಾರಾದರೊಬ್ಬರಿಗೆ ಕ್ಲಚ್ ಎಳೆಯಲು ಹೇಳಿ, ಪ್ಲೇಟುಗಳನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಸುತ್ತಲೂ ಸಮನಾಗಿ ಏಳುತ್ತದೆಯೇ ಎಂದು ಗಮನಿಸಿ. ಅದು ಒಂದು ಬದಿಯಲ್ಲಿ ಮಾತ್ರ ಎದ್ದರೆ ಸ್ಪ್ರಿಂಗುಗಳ ಉದ್ದದಲ್ಲಿ ವ್ಯತ್ಯಾಸ ಬಂದಿರುತ್ತದೆ. ಆಗ ಒಂದನ್ನು ಮಾತ್ರ ಬದಲಿಸದೆ ಇಡೀ ಸೆಟ್ಟನ್ನು ಬದಲಿಸಬೇಕು. ಪ್ಲೇಟುಗಳ ಅಂಚು ತಾಗಿ ತಾಗಿ ಕ್ಲಚ್ ಹಬ್ಬಿನಲ್ಲಿ ಕಚ್ಚುಗಳು ಬಿದ್ದಿದ್ದರೆ ಸಣ್ಣ ಅರದಿಂದ ಉಜ್ಜಿ ನಯಗೊಳಿಸಬೇಕು. ಬೆಳಗಿನ ಮೊದಲ ಗೇರಿಗೆ ಮಾತ್ರ ಗಾಡಿ ಜಿಗಿಯುತ್ತಿದ್ದರೆ ರಿಪೇರಿಯೇ ಬೇಡ. ಸ್ಟಾರ್ಟ್ ಮಾಡುವ ಮುನ್ನ ಕ್ಲಚ್ ಹಿಡಿದು ಒಂದೆರಡು ಬಾರಿ ಕಿಕ್ಕರ್ ತುಳಿದರೆ ಎಣ್ಣೆಯಿಂದ ಅಂಟಿಕೊಂಡ ಪ್ಲೇಟುಗಳು ಬಿಟ್ಟುಕೊಳ್ಳುತ್ತವೆ.

ಗೇರ್‌ಬಾಕ್ಸಿನ ಕವರ್ ಬಿಚ್ಚುವ ಮೊದಲು ಗೇರ್ ಲಿವರನ್ನು ಹಿಡಿದು ಅಲ್ಲಾಡಿಸಿ ನೋಡುವುದೂ ಅಗತ್ಯ. ಅದರ ಒಳಹಲ್ಲು ಸವೆದಿದ್ದರೆ, ಅಥವಾ ಲಿವರಿನ ತುದಿ ಫುಟ್‌ರೆಸ್ಟಿನ ರಬ್ಬರಿಗೆ ತಾಗುತ್ತಿದ್ದರೆ ಗೇರ್ ಅರ್ಧಕ್ಕೇ ನಿಲ್ಲುತ್ತದೆ. ಲಿವರನ್ನು ಒಂದು ಹಲ್ಲು ಮೇಲಕ್ಕೆ ಕೂರಿಸಿದರೆ ಈ ಎರಡನೆಯ ತೊಂದರೆ ಮುಗಿಯುತ್ತದೆ.

ಇನ್ನು ರ‍್ಯಾಚೆಟ್. ಈ ಕೆಲಸವನ್ನು ಅವಸರಪಡದೆ ಮಾಡಬೇಕು. ಕೆಳಗೆ ಒಂದು ತಟ್ಟೆ ಇಟ್ಟು, ಕಿಕ್ಕರ್, ಗೇರ್ ಲಿವರ್ ಹಾಗೂ ನ್ಯೂಟ್ರಲ್ ಲಿವರುಗಳನ್ನು ಕಳಚಿ ಹೊರಗಿನ ಕವರ್ ತೆಗೆದಾಗ ರ‍್ಯಾಚೆಟ್ ಭಾಗ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಉದ್ದನೆಯ ತೂತುಗಳಿರುವ ಒಂದು ಅಡ್ಜಸ್ಟರ್ ಪ್ಲೇಟನ್ನು ಎರಡು ಕಡೆ ಬಿಗಿದಿರುತ್ತಾರೆ. ಮೊದಲು ಲಿವರನ್ನು ಮಧ್ಯಕ್ಕೆ ತರುವ ಸ್ಪ್ರಿಂಗುಗಳನ್ನು ನೋಡಿ: ತುಂಡಾಗಿದ್ದರೆ ಅಥವಾ ಸೋತಿದ್ದರೆ ಬದಲಿಸಿ, ಏಕೆಂದರೆ ಲಿವರ್ ತನ್ನ ಸ್ಥಾನಕ್ಕೆ ಮರಳದೆ ಹೋದರೆ ಯಾವ ಹೊಂದಿಸುವಿಕೆಯೂ ನಿಲ್ಲುವುದಿಲ್ಲ. ಬಳಿಕ ಚಕ್ರ ತಿರುಗಿಸುತ್ತಾ ಗಾಡಿಯನ್ನು ಎರಡನೆಯ ಗೇರಿಗೆ ಹಾಕಿ. ಲಿವರನ್ನು ತಾತ್ಕಾಲಿಕವಾಗಿ ಮತ್ತೆ ಸಿಕ್ಕಿಸಿ ಬೆರಳಿನಿಂದ ಮೆಲ್ಲಗೆ ಮೇಲಕ್ಕೆತ್ತಿದರೆ, ಸ್ವಲ್ಪ ದೂರ ಬರಿದೇ ಚಲಿಸಿ ಹಲ್ಲು ಹಿಡಿದುಕೊಂಡದ್ದು ಬೆರಳಿಗೇ ತಿಳಿಯುತ್ತದೆ. ಕೆಳಕ್ಕೆ ಒತ್ತಿದಾಗಲೂ ಹಾಗೆಯೇ. ಎರಡೂ ಕಡೆ ಈ ಬರಿಚಲನೆ ಸಮನಾಗಿರಬೇಕು. ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ಹಲ್ಲು ಹಿಡಿಯುತ್ತಿದ್ದರೆ ತಡವಾಗುವ ಕಡೆಗೆ ಹಾಕುವ ಗೇರ್ ಪೂರ್ತಿ ಕೂರುವ ಮೊದಲೇ ಲಿವರಿನ ಓಟ ಮುಗಿದುಹೋಗುತ್ತದೆ; ಫಾಲ್ಸ್ ನ್ಯೂಟ್ರಲ್ ಹುಟ್ಟುವುದು ಇಲ್ಲಿಯೇ. ಅಡ್ಜಸ್ಟರ್ ಪ್ಲೇಟನ್ನು ಸಡಿಲಿಸಿ ಕೂದಲೆಳೆಯಷ್ಟು ಮೇಲೆಯೋ ಕೆಳಗೆಯೋ ಸರಿಸಿ, ಬಿಗಿದು, ಮತ್ತೆ ಪರೀಕ್ಷಿಸಿ. ಬಿಗಿಯುವಾಗ ಪ್ಲೇಟ್ ತುಸು ಜರುಗುವುದರಿಂದ ಸಡಿಲವಿರುವಾಗ ಕಂಡ ಅಳತೆಯನ್ನು ನಂಬಬಾರದು. ಎರಡನೆಯದರಲ್ಲಿ ಸಮನಾದ ಮೇಲೆ ಮೂರನೆಯದರಲ್ಲಿಯೂ ನೋಡಿ, ಕೊನೆಗೆ ನಾಲ್ಕನ್ನೂ ಒಮ್ಮೆ ಏರಿಸಿ ಇಳಿಸಿದ ನಂತರವೇ ಕವರ್ ಮುಚ್ಚಬೇಕು.

ನ್ಯೂಟ್ರಲ್ ಲಿವರ್ ಬುಲೆಟ್ಟಿನ ವಿಶೇಷ. ಕ್ಲಚ್ ಹಿಡಿದು ಹಿಮ್ಮಡಿಯಿಂದ ತುಳಿದರೆ ಮೊದಲನೆಯದನ್ನು ಬಿಟ್ಟು ಬೇರಾವ ಗೇರಿನಿಂದಲೂ ನೇರವಾಗಿ ನ್ಯೂಟ್ರಲ್ಲಿಗೆ ಬರಬೇಕು. ಅದು ನ್ಯೂಟ್ರಲ್ ದಾಟಿ ಹೋಗುತ್ತಿದ್ದರೆ ಅಥವಾ ಅಲ್ಲಿಗೆ ಮುಟ್ಟದಿದ್ದರೆ, ಅದರ ಓಟವನ್ನು ತಡೆಯುವ ಓರೆಗುಂಡಿಯ (ತೂತು ನಡುವಿನಲ್ಲಿರದೆ ಒಂದು ಬದಿಗಿರುವ ಗುಂಡಿಯ) ಬೋಲ್ಟನ್ನು ಸಡಿಲಿಸಿ, ಗುಂಡಿಯನ್ನು ಸ್ವಲ್ಪ ತಿರುಗಿಸಿ ಬಿಗಿದರಾಯಿತು.

ಎಣ್ಣೆಯ ಬಗ್ಗೆ ಪ್ರತಿ ಮೆಕ್ಯಾನಿಕ್ಕಿನ ಅಭಿಪ್ರಾಯವೂ ಬೇರೆ. ಸೋರುತ್ತದೆಂಬ ಕಾರಣಕ್ಕೆ ಚಕ್ರದ ಬೇರಿಂಗಿಗೆ ಹಾಕುವ ಗಟ್ಟಿ ಗ್ರೀಸನ್ನು ತುಂಬುವವರಿದ್ದಾರೆ. ಗೇರುಗಳು ಅದರಲ್ಲಿ ದಾರಿ ಕೊರೆದುಕೊಂಡು ತಿರುಗುತ್ತವೆ, ಗ್ರೀಸ್ ಮತ್ತೆ ಹರಿದುಬಂದು ಹಲ್ಲುಗಳಿಗೆ ತಾಗುವುದಿಲ್ಲ, ಚಳಿಯಲ್ಲಂತೂ ಗೇರ್ ಬೀಳುವುದು ಮತ್ತಷ್ಟು ಬಿಗಿಯಾಗುತ್ತದೆ. ಹರಿಯುವಷ್ಟು ತೆಳುವಾದ ಗೇರ್ ಗ್ರೀಸ್, ಅಥವಾ ಸೀಲುಗಳು ಚೆನ್ನಾಗಿದ್ದರೆ 90 ಗ್ರೇಡಿನ ಎಣ್ಣೆ ನನ್ನ ಆಯ್ಕೆ.

ಇಷ್ಟೆಲ್ಲ ಆದ ಮೇಲೂ ಒಂದು ನಿರ್ದಿಷ್ಟ ಗೇರ್ ಮಾತ್ರ, ಅದೂ ಏರಿನಲ್ಲಿ ಎಳೆತ ಬಿದ್ದಾಗ ತಾನಾಗಿಯೇ ಜಾರಿಕೊಳ್ಳುತ್ತಿದ್ದರೆ ಗೇರ್‌ಬಾಕ್ಸ್ ಬಿಚ್ಚುವುದು ಅನಿವಾರ್ಯ. ಡಾಗ್‌ಗಳ ಮೂಲೆಗಳು ದುಂಡಗಾಗಿವೆಯೇ, ಗೇರುಗಳನ್ನು ಸರಿಸುವ ಸೆಲೆಕ್ಟರ್ ಫೋರ್ಕಿನ ಕಾಲುಗಳು ಸವೆದು ತೆಳುವಾಗಿವೆಯೇ, ಗೇರನ್ನು ಸ್ಥಾನದಲ್ಲಿ ಹಿಡಿಯುವ ಪ್ಲಂಜರಿನ ಸ್ಪ್ರಿಂಗ್ ಸೋತಿದೆಯೇ ಎಂದು ಈ ಕ್ರಮದಲ್ಲಿ ನೋಡಿ. ದುಂಡಗಾದ ಡಾಗ್‌ಗಳನ್ನು ಅರದಿಂದ ಚೂಪು ಮಾಡುವ ಗೋಜಿಗೆ ಹೋಗಬೇಡಿ. ಮೇಲ್ಪದರದ ಗಡಸುತನ ಹೋಗಿ ಅವು ಮತ್ತೂ ಬೇಗ ಸವೆಯುತ್ತವೆ. ಪರಸ್ಪರ ಕಚ್ಚಿಕೊಳ್ಳುವ ಎರಡು ಗೇರುಗಳನ್ನೂ ಜೋಡಿಯಾಗಿಯೇ ಬದಲಿಸಿ, ಫೋರ್ಕ್ ಸವೆದಿದ್ದರೆ ಅದನ್ನೂ ಅದೇ ಸಲ ಹೊಸದಾಗಿ ಹಾಕಿಬಿಡಬೇಕು.