ಲಕೋಟೆ, ಕಾರ್ಬನ್ ಹಾಳೆ, ಮೊಣಕಾಲು ನೋವಿನ ಟ್ರಯಲ್: ನನ್ನ ಅನುಭವ

ಮೊಣಕಾಲು ಸವೆತಕ್ಕೆ ವ್ಯಾಯಾಮದ ಜೊತೆ ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ಚಿಕಿತ್ಸೆಯದು) ಕೊಟ್ಟರೆ ನೋವು ಇನ್ನಷ್ಟು ಇಳಿಯುತ್ತದೆಯೇ? ಇದನ್ನು ತಿಳಿಯಲು ರೋಗಿಗಳನ್ನು ಎರಡು ಗುಂಪು ಮಾಡಿ ಟ್ರಯಲ್ ಮಾಡಿದೆವು. ಮೊದಲ ಸಲ ಹೋಲಿಕೆ ಗುಂಪಿಗೆ ಬರೀ ವ್ಯಾಯಾಮ ಕೊಟ್ಟೆವು, ಚಿಕಿತ್ಸೆ ಕೊಟ್ಟವರೇ ಅಳೆದರು. ನೋವನ್ನು 0ಯಿಂದ 10ರವರೆಗೆ ಗುರುತಿಸುವ ವಿಎಎಸ್‌ನಲ್ಲಿ ಸುಮಾರು 2 ಅಂಕದ ವ್ಯತ್ಯಾಸ ಬಂತು. ಮುಂದಿನ ರೋಗಿ ಯಾವ ಗುಂಪಿಗೆ ಎಂಬ ಹಂಚಿಕೆ ಮುಚ್ಚಿಟ್ಟು, ಹೋಲಿಕೆ ಗುಂಪಿಗೆ ಶಾಮ್ (ತೋರಿಕೆಯ ಚಿಕಿತ್ಸೆ) ಕೊಟ್ಟು, ಅಳೆಯುವವರಿಗೆ ಗುಂಪು ಗೊತ್ತಾಗದಂತೆ ಮತ್ತೆ ಮಾಡಿದಾಗ ಅದು ಅರ್ಧ ಅಂಕಕ್ಕೆ ಇಳಿಯಿತು. ಧಾರವಾಡದ ಸಣ್ಣ ಒಪಿಡಿಯಲ್ಲಿ, ಅನುದಾನ ಇಲ್ಲದೆ ಇದು ಆಗದ ಕೆಲಸ ಎಂದವರು ಬಹಳ ಮಂದಿ. ಎಲ್ಲ ಸೇರಿ 30 ಸಾವಿರದೊಳಗೆ ಆಯಿತು. ಫಿಸಿಯೋಥೆರಪಿ ಟ್ರಯಲ್‌ಗಳ ಗುಣಮಟ್ಟ ನೋಡುವ ಪೆಡ್ರೊ ಅಳತೆಯಲ್ಲಿ 10ಕ್ಕೆ 9 ಸಿಗುತ್ತದೆ. ಬಿಟ್ಟುಹೋದದ್ದು ಥೆರಪಿಸ್ಟ್ ಬ್ಲೈಂಡಿಂಗ್, ಅಂದರೆ ಚಿಕಿತ್ಸೆ ಕೊಡುವವರಿಗೂ ಗುಂಪು ಗೊತ್ತಾಗದಂತೆ ಮಾಡುವುದು, ಒಂದೇ.

ಟ್ರಯಲ್ ಹೆಚ್ಚು ಕೆಡುವುದು ಯಾವ ಗುಂಪು ಎಂಬ ಚೀಟಿ ಇಡುವ ಲಕೋಟೆಯಲ್ಲಿ. ಬಿಳಿ ಲಕೋಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಒಳಗಿನ ಅಕ್ಷರ ಕಾಣುತ್ತದೆ. ಬ್ಲಾಕ್ (ಎರಡೂ ಗುಂಪಿಗೆ ಸಮ ಪಾಲು ಬರುವ ಲಕೋಟೆಗಳ ಕಂತು) ಸದಾ 4 ಆದರೆ ಮೂರು ತೆರೆದ ಮೇಲೆ ನಾಲ್ಕನೆಯದು ಏನೆಂದು ತಾನಾಗಿ ತಿಳಿಯುತ್ತದೆ. ನೋವು ಜೋರಿರುವವರು ಬಂದಾಗ ಮನಸ್ಸು ಕರಗಿ ಮುಂದಿನ ಲಕೋಟೆ ಎತ್ತಿಕೊಳ್ಳುವುದೂ ನಡೆಯುತ್ತದೆ. ಈ ಸಲ ಕಂದು ಲಕೋಟೆ, ಒಳಗೆ ಚೀಟಿಯ ಎರಡೂ ಬದಿಗೆ ಅಲ್ಯೂಮಿನಿಯಂ ಫಾಯಿಲ್, ಚೀಟಿಗೆ ತಾಗಿ ಕಾರ್ಬನ್ ಹಾಳೆ. ಮೇಲೆ ರೋಗಿಯ ಹೆಸರು, ತಾರೀಖು, ಸಹಿ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ ಮೇಲೆಯೇ ತೆರೆಯಬೇಕು. ಬರೆದದ್ದು ಚೀಟಿಯ ಮೇಲೂ ಮೂಡುತ್ತದೆ, ಅದಲುಬದಲಾದರೆ ಸಿಕ್ಕಿಬೀಳುತ್ತದೆ. ಪಟ್ಟಿ ಮಾಡಿದವರು ಒಪಿಡಿಗೆ ಕಾಲಿಡದ ಅಂಕಿಅಂಶದ ಮೇಷ್ಟ್ರು. ಬ್ಲಾಕ್ 4 ಮತ್ತು 6, ಕಲಸಿ. ಖರ್ಚು ಸುಮಾರು 900 ರೂಪಾಯಿ. ಅಂಟಿಸಿದ ಲಕೋಟೆಯನ್ನು ಉಗಿ ಹಿಡಿದು ತೆರೆದರೆ ಪತ್ತೆಹಚ್ಚಲು ಒಂದು ಗುರುತು ಇಟ್ಟಿದ್ದೇನೆ. ಈಗ ನಡೆಯುತ್ತಿರುವ ಟ್ರಯಲ್ಲಿನಲ್ಲೂ ಅದೇ ಇರುವುದರಿಂದ ಇಲ್ಲಿ ಬರೆಯುವುದಿಲ್ಲ.

ಶಾಮ್‌ಗೆ ಟೆನ್ಸ್ (ಚರ್ಮದ ಮೇಲೆ ಸಣ್ಣ ಕರೆಂಟ್ ಕೊಡುವ ಮಶೀನು) ಬೇಡ, ಜುಮುಗುಟ್ಟದಿದ್ದರೆ ರೋಗಿಗೆ ತಕ್ಷಣ ಗೊತ್ತಾಗುತ್ತದೆ. ಅಲ್ಟ್ರಾಸೌಂಡನ್ನು ಪಲ್ಸ್ಡ್ 1:4ರಲ್ಲಿ (ಒಂದು ಪಾಲು ಹೊತ್ತು ಆನ್, ನಾಲ್ಕು ಪಾಲು ಆಫ್) ಕೊಟ್ಟರೆ ಬಿಸಿ ತಿಳಿಯುವುದಿಲ್ಲ, ಹಾಗಾಗಿ ಸೊನ್ನೆ ತೀವ್ರತೆಯೂ ಹಾಗೇ ಅನಿಸುತ್ತದೆ. ಕೆಲವು ಮಶೀನಿನಲ್ಲಿ ತೀವ್ರತೆ ಸೊನ್ನೆಯಾದರೆ ಟೈಮರ್ ಓಡುವುದಿಲ್ಲ, ಮೊದಲೇ ನೋಡಿಕೊಳ್ಳಿ. ನಿಜವಾದ ಗುಂಪಿನಲ್ಲಿ ಮಶೀನು ಕೆಲಸ ಮಾಡುತ್ತಿದೆಯೇ ಎಂದು ವಾರಕ್ಕೊಮ್ಮೆ ಹೆಡ್ಡನ್ನು ಮೇಲ್ಮುಖ ಹಿಡಿದು ನಾಲ್ಕು ಹನಿ ನೀರು ಹಾಕಿ, ನೀರು ಅಲುಗುವುದನ್ನು ನೋಡುತ್ತಿದ್ದೆವು. ಬಂದ್ ಮಶೀನು ಸಿಗಬಹುದು ಎಂಬುದನ್ನು ಒಪ್ಪಿಗೆ ಪತ್ರದಲ್ಲಿ ಬಿಡಿಸಿ ಬರೆಯಲೇಬೇಕು.

ಎಷ್ಟು ರೋಗಿಗಳು ಬೇಕೆಂಬ ಲೆಕ್ಕ: ಎಸ್‌ಡಿ (ರೋಗಿಯಿಂದ ರೋಗಿಗೆ ಅಂಕಗಳ ಹರಡಿಕೆ) 2.5, ಗುಂಪುಗಳ ವ್ಯತ್ಯಾಸ 2 ಹಿಡಿದರೆ ಗುಂಪಿಗೆ 25. ನೂರಕ್ಕೆ 20 ಮಂದಿ ಬಿಟ್ಟುಹೋಗುತ್ತಾರೆಂದರೆ 25ನ್ನು 0.8ರಿಂದ ಭಾಗಿಸಿ 32 ಮಾಡಿ. 1.2ರಿಂದ ಗುಣಿಸುವ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಮೊದಲ ಟ್ರಯಲ್ಲಿನಲ್ಲಿ 50ರಲ್ಲಿ 14 ಮಂದಿ ತಪ್ಪಿದರು. ನವಲಗುಂದ, ಅಣ್ಣಿಗೇರಿ ಕಡೆಯವರು ಹೊಲದಲ್ಲಿ ಹೆಸರುಕಾಳು ಬಿಡಿಸುವ ಹೊತ್ತಿಗೆ ಬರುವುದೇ ಇಲ್ಲ. ಎರಡನೆಯದರಲ್ಲಿ ಹೋಳಿ ಹುಣ್ಣಿಮೆ ಆದ ಮೇಲೆ ಸೇರಿಸಿಕೊಂಡು ಮುಂಗಾರು ಬಿತ್ತನೆಗೆ ಮುಂಚೆ ಆರು ವಾರ ಮುಗಿಸಿದೆವು. ಎರಡು ಬೇಸಿಗೆ ಹಿಡಿಯಿತು, ತಪ್ಪಿದವರು 5 ಮಂದಿ. ಅವರನ್ನೂ ಹಂಚಿಕೆಯಾದ ಗುಂಪಿನಲ್ಲೇ ಲೆಕ್ಕಕ್ಕೆ ಹಿಡಿದೆವು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಪುಕ್ಕಟೆ. ಗಂಡಸರ ಬಸ್ ಚಾರ್ಜು, ಫೋನು ಸೇರಿ ಸುಮಾರು 5 ಸಾವಿರ.

ದೊಡ್ಡ ಖರ್ಚು ಹೊರಗಿನಿಂದ ಬಂದು ಅಳೆದವರದು, ಸಲಕ್ಕೆ 100ರಂತೆ 19 ಸಾವಿರದ ಹತ್ತಿರ. ಗುಟ್ಟು ಬಿಟ್ಟುಕೊಡುವವರು ರೋಗಿಗಳೇ. "ಯವ್ವಾ, ಯಾವ ಮಶೀನ ಹಚ್ಚಿದ್ರು ಅನ್ನೂದು ಅವ್ರ ಮುಂದ ಹೇಳಬ್ಯಾಡ್ರಿ" ಎಂದು ಪ್ರತಿ ಸಲ ಬಾಗಿಲಲ್ಲೇ ಹೇಳಬೇಕು.

ನಡುವೆ 20 ಮೊಣಕಾಲನ್ನು ಇಬ್ಬರಿಂದ ಕೀಲಿನ ಕೋನ ಅಳೆಯುವ ಗೋನಿಯೋಮೀಟರಿನಲ್ಲಿ ಅಳೆಸಿದೆ. ಅಳತೆಯ ದೋಷ ಸುಮಾರು 2.5 ಡಿಗ್ರಿ, 2.77ರಿಂದ ಗುಣಿಸಿದರೆ 7. ಅದಕ್ಕಿಂತ ಕಡಿಮೆ ಬದಲಾವಣೆ ಅಳತೆಯ ದೋಷವೇ ಇರಬಹುದು. ಅಂದರೆ ಒಬ್ಬ ರೋಗಿಯ ಕಾಲು 5 ಡಿಗ್ರಿ ಹೆಚ್ಚು ಮಡಚಿದರೆ ಅದನ್ನು ಸುಧಾರಣೆ ಎಂದು ಎಣಿಸುವಂತಿಲ್ಲ. ಹಾಗೆ ಎಣಿಸಿದ ಪ್ರಬಂಧಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿಗೆ ಶುಲ್ಕವಿಲ್ಲ. 2018ರ ಏಪ್ರಿಲ್ 1ರಿಂದ ಮೊದಲ ರೋಗಿ ಸೇರುವ ಮುಂಚೆಯೇ ಆಗಬೇಕು. ಎಥಿಕ್ಸ್ ಸಮಿತಿಯ ಒಪ್ಪಿಗೆ ಪತ್ರ ಬಂದ ಮೇಲೂ ಸಿಟಿಆರ್‌ಐನವರು ಪ್ರಶ್ನೆ ಹಾಕಿ ವಾಪಸ್ ಕಳಿಸುತ್ತಾರೆ, ಒಂದು ತಿಂಗಳು ಕೈಯಲ್ಲಿರಲಿ. "ನಡೆಯುವಾಗಿನ ನೋವು, ವಿಎಎಸ್, 6ನೇ ವಾರ" ಎಂದು ಒಂದೇ ಮುಖ್ಯ ಅಳತೆ ಬರೆದಿದ್ದೆವು. ಕೊನೆಗೆ ಮೆಟ್ಟಿಲು ಹತ್ತುವ ನೋವಿನಲ್ಲಿ ಪಿ ಬೆಲೆ 0.05ರ ಕೆಳಗೆ (ವಾಡಿಕೆಯಲ್ಲಿ ಗಣನೀಯ ಎನ್ನುವ ಮಟ್ಟ) ಬಂತು, ಅದನ್ನೇ ಮುಂದೆ ಮಾಡಿ ಎಂದು ಹೇಳಿದವರಿದ್ದರು. ಮಾಡಲಿಲ್ಲ. ಎರಡು ಪತ್ರಿಕೆ ವಾಪಸ್ ಕಳಿಸಿದವು, ಮೂರನೆಯದು ತೆಗೆದುಕೊಂಡಿತು. ರಿವ್ಯೂನಲ್ಲಿ ಮೊದಲು ಕೇಳಿದ್ದು ಬ್ಲೈಂಡಿಂಗ್ ಉಳಿದಿತ್ತೇ ಎಂದು. ಕೊನೆಯ ದಿನ ಅಳೆದವರಿಂದಲೇ ಗುಂಪು ಊಹೆ ಮಾಡಿಸಿ ಬರೆಸಿಟ್ಟಿದ್ದೆ: 59ರಲ್ಲಿ ಸರಿಯಾದದ್ದು 31, ಅಂದರೆ ನಾಣ್ಯ ಚಿಮ್ಮಿ ಹೇಳಿದಷ್ಟೇ.