ಭಾರಿ ಯಂತ್ರೋದ್ಯಮದಲ್ಲಿ ಇಂಟರ್ನ್‌ಶಿಪ್: ಒಂದೇ ಜಾಬ್ ಹಿಡಿದು ಕೂರಿ

ನಾಲ್ಕು ವಾರ ಸಿಕ್ಕಿತೆಂದು ಫೌಂಡ್ರಿ, ಫ್ಯಾಬ್ರಿಕೇಷನ್, ಮಷಿನ್ ಶಾಪ್, ಅಸೆಂಬ್ಲಿ ಎಲ್ಲವನ್ನೂ ಸುತ್ತಿ ಬಂದರೆ ವರದಿ ದಪ್ಪವಾಗುತ್ತದೆ, ತಲೆಗೆ ಏನೂ ಹತ್ತುವುದಿಲ್ಲ. ಮೊದಲ ಮೂರು ದಿನ ಸುತ್ತಾಡಿ, ಆಮೇಲೆ ಒಂದು ಮಷಿನ್, ಅದರ ಮೇಲೆ ತಯಾರಾಗುವ ಒಂದು ಜಾಬ್ (ಎಂದರೆ ಉದ್ಯೋಗವಲ್ಲ, ಕಟ್ ಮಾಡುವ ಬಿಡಿಭಾಗ) ಸಾಕು.

ಅರ್ಜಿ ಹಾಕುವ ಮುಂಚೆ ಎಲ್ಲಿ ಏನು ತಯಾರಾಗುತ್ತದೆಂದು ನೋಡಿಕೊಳ್ಳಿ. ಭಾರಿ ಯಂತ್ರ ತಯಾರಿಸುವ ಬೆಮೆಲ್ ಕಂಪನಿಯ ಕೆಜಿಎಫ್ ಘಟಕದಲ್ಲಿ ಡೋಜರ್, ಎಕ್ಸ್‌ಕವೇಟರ್. ಮೈಸೂರಿನಲ್ಲಿ ಡಂಪ್ ಟ್ರಕ್, ಎಂಜಿನ್. ಬೆಂಗಳೂರಿನಲ್ಲಿ ಮೆಟ್ರೊ ಬೋಗಿ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಯಲ್ಲಿ ಮೆಕ್ಯಾನಿಕಲ್‌ನವರಿಗೆ ಸಿಗುವುದು ಹೆಚ್ಚಾಗಿ ಮೇಂಟೆನೆನ್ಸ್: ಕನ್ವೇಯರ್, ಗೇರ್‌ಬಾಕ್ಸ್, ಬೇರಿಂಗ್, ಹೈಡ್ರಾಲಿಕ್ಸ್. ಕಾಲೇಜಿನ ಪತ್ರದಲ್ಲಿ ನಿಮಗೆ ಬೇಕಾದ ವಿಭಾಗ ಮತ್ತು ದಿನಾಂಕ ಬರೆಸಿ, ಎರಡು ಮೂರು ತಿಂಗಳು ಮೊದಲೇ ಕೊಡಿ. ಗೇಟ್ ಪಾಸಿಗೆ ಫೋಟೊ, ಗುರುತಿನ ಚೀಟಿ ಬೇಕು. ಕೆಲವೆಡೆ ಶುಲ್ಕ, ವಿಮೆಯನ್ನೂ ಕೇಳುತ್ತಾರೆ.

ಸೇಫ್ಟಿ ಶೂ ಹೊಸದಾದರೆ ಒಂದು ವಾರ ಮುಂಚೆಯೇ ಹಾಕಿ ಪಳಗಿಸಿ. ತಿರುಗುವ ಡ್ರಿಲ್, ಲೇತ್ ಬಳಿ ಗ್ಲೌಸ್ ಬೇಡವೇ ಬೇಡ, ನೂಲು ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಕ್ರೇನ್ ಎತ್ತಿದ ಲೋಡಿನ ಕೆಳಗೆ ಕಾಲಿಡಬೇಡಿ. ಎರಡು ಕಾಲಿನ ಸ್ಲಿಂಗ್ (ಜಾಬನ್ನು ಕ್ರೇನಿನ ಕೊಕ್ಕೆಗೆ ತೂಗುಹಾಕುವ ಹಗ್ಗ ಅಥವಾ ಸರಪಳಿ) ನೆಲಕ್ಕೆ 30 ಡಿಗ್ರಿಯಷ್ಟು ಓರೆಯಾದರೆ 1 ಟನ್ ಜಾಬಿಗೆ ಒಂದೊಂದು ಕಾಲಿನ ಮೇಲೂ 1 ಟನ್ ಎಳೆತ ಬೀಳುತ್ತದೆ. 60 ಡಿಗ್ರಿಯಲ್ಲಿ ಅದು ಸುಮಾರು 0.58 ಟನ್.

ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಟೈಮ್ ಸ್ಟಡಿ ಮಾಡುವವರು ಎಡವುವುದು ಇಲ್ಲೇ: ತೂತನ್ನು (ಬೋರ್) ಅಳತೆಗೆ ಕೊರೆಯುವ ದೊಡ್ಡ ಬೋರಿಂಗ್ ಮಷಿನ್ ಮೇಲೆ ಒಂದು ಜಾಬ್ ಇಡೀ ಶಿಫ್ಟ್ ತಿನ್ನಬಹುದು, ಹತ್ತಿಪ್ಪತ್ತು ರೀಡಿಂಗಿನ ಸರಾಸರಿ ಸಿಗುವುದಿಲ್ಲ. ಹಾಗಾಗಿ ಒಂದು ಸೈಕಲ್ಲನ್ನೇ ಒಡೆಯಿರಿ: ಕ್ರೇನಿಗೆ ಕಾದದ್ದು, ಲೋಡಿಂಗ್, ಡಯಲ್ ಗೇಜ್ ಹಾಕಿ ಜಾಬನ್ನು ನೇರಕ್ಕೆ ಕೂರಿಸಿದ್ದು, ಕಟಿಂಗ್, ಅಳತೆ, ಟೂಲ್ ಬದಲಿಸಿದ್ದು. ಗಡಿಯಾರ ನೋಡಿ ಎದುರಿಗೇ ಬರೆಯಿರಿ, ಸಂಜೆ ನೆನಪಿನಿಂದ ಬರೆದದ್ದು ಸುಳ್ಳಾಗುತ್ತದೆ. ಕಟಿಂಗಿನಷ್ಟೇ ಹೊತ್ತು ಕ್ರೇನಿಗೂ ಸೆಟ್ಟಿಂಗಿಗೂ ಹೋಗಿದ್ದರೆ ನಿಮ್ಮ ಪ್ರಾಜೆಕ್ಟ್ ಅಲ್ಲೇ ಇದೆ.

ಅಳತೆಯ ವಿಷಯಕ್ಕೆ ಬಂದರೆ, ಈಗಷ್ಟೇ ಕಟ್ ಮುಗಿದ ಜಾಬನ್ನು ಅಳೆದು ಬರೆದುಕೊಳ್ಳಬೇಡಿ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. 500 ಮಿಮೀ ಬೋರ್ 10 ಡಿಗ್ರಿ ಹೆಚ್ಚು ಬಿಸಿ ಇದ್ದರೆ 0.058 ಮಿಮೀ ದೊಡ್ಡದಾಗಿ ಕಾಣುತ್ತದೆ. ಆ ಅಳತೆಗೆ ಎಚ್7 ಟಾಲರೆನ್ಸೇ, ಅಂದರೆ ಆ ದರ್ಜೆಯ ಬೋರಿಗೆ ಬಿಟ್ಟಿರುವ ಏರುಪೇರಿನ ಮಿತಿಯೇ, 0.063 ಮಿಮೀ! ಬಿಸಿಯಲ್ಲಿ ಪಾಸಾದ ಬೋರ್ ತಣಿದ ಮೇಲೆ ಬಿಗಿಯಾಗಿ, ಬೇರಿಂಗ್ ಕೂರದೆ ರೀವರ್ಕಿಗೆ ಬರುವುದು ಹೀಗೆ. ಮೈಕ್ರೊಮೀಟರಿನ ಜೀರೊ ನೋಡಿಕೊಳ್ಳುವ ಜೊತೆಗೆ ಜಾಬನ್ನು ಮುಟ್ಟಿಯೂ ನೋಡಿ.

ಫೋನಿನ ಕ್ಯಾಮೆರಾ ಬಹಳ ಕಡೆ ನಿಷಿದ್ಧ, ಕೈಯಲ್ಲೇ ಸ್ಕೆಚ್ ಹಾಕಿಕೊಳ್ಳಿ. ವರದಿಗೆ ಡ್ರಾಯಿಂಗಿನ ಪ್ರತಿ ಬೇಕಿದ್ದರೆ ಬರಹದಲ್ಲಿ ಅನುಮತಿ ಕೇಳಿ. ಆಪರೇಟರ್ ಅಣ್ಣನನ್ನು ಪ್ರಶ್ನೆ ಕೇಳುವುದು ಕಟ್ ನಡೆಯುವಾಗಲ್ಲ, ಟೀ ಹೊತ್ತಿನಲ್ಲಿ. ಸರ್ಟಿಫಿಕೇಟಿಗೆ ಕೊನೆಯ ವಾರದ ಸೋಮವಾರವೇ ಅರ್ಜಿ ಕೊಡಿ. ಗೇಟ್ ಪಾಸ್ ವಾಪಸು ಕೊಟ್ಟ ಮೇಲೆ ಒಳಗೆ ಹೋಗಿ ದಿನಾಂಕದ ತಪ್ಪು ತಿದ್ದಿಸುವುದು ದೊಡ್ಡ ಫಜೀತಿ.