ನೋ, ಕೇ, ಗಾ: ನನ್ನ ತುರ್ತುಪರಿಸ್ಥಿತಿಯ ದಿನವಹಿ

ತುರ್ತುಪರಿಸ್ಥಿತಿಯಲ್ಲಿ ಕದ್ದುಮುಚ್ಚಿ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿದವರು ನಾವು ಕೆಲವರು ಇನ್ನೂ ಉಳಿದಿದ್ದೇವೆ. ಎಲ್ಲಿ ಸೇರಿದರೂ ಗೆಳೆಯರು ನನ್ನನ್ನು ಕಿಚಾಯಿಸುವುದು ಒಂದೇ ಮಾತಿನಿಂದ: "ಇವರು ಬರ್ಫಿ ತಟ್ಟೆಯಲ್ಲಿ ಕ್ರಾಂತಿ ಮಾಡಿದವರು." ನಗಲಿ ಬಿಡಿ. ನನಗೆ ಗೊತ್ತಿದ್ದ ಮೂರು ಯಂತ್ರಗಳೂ ವರ್ಷ ತುಂಬುವುದರೊಳಗೆ ಠಾಣೆ ಸೇರಿದವು. ನಾನು ಸುದ್ದಿಹಾಳೆಯ ಪ್ರತಿ ತೆಗೆಯುತ್ತಿದ್ದ ತಟ್ಟೆ ಮಾತ್ರ ಕೊನೆಯವರೆಗೂ ಅಡುಗೆಮನೆಯ ನಾಗಂದಿಗೆಯ ಮೇಲೆಯೇ ಇತ್ತು.

ಆಗ ನಾನು ಬೆಳಗಾವಿ ಜಿಲ್ಲೆಯ ತಾಲ್ಲೂಕು ಊರೊಂದರಲ್ಲಿ ಇತಿಹಾಸದ ಉಪನ್ಯಾಸಕ. ಸಂಬಳ 500 ಚಿಲ್ಲರೆ. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಹಿಡಿದರಲ್ಲ, ಆ ಸುದ್ದಿ ವಾರದೊಳಗೆ ನಮ್ಮೂರಿಗೆ ನಾಲ್ಕು ಬಾಯಿಂದ ಬಂತು. ನಾಲ್ಕರಲ್ಲೂ ತಾರೀಖು ಬೇರೆ. ಘೋಷಣೆ ಬರೆಯಲು ಜನ ಬೇಕಾದಷ್ಟಿದ್ದಾರೆ, ತಾರೀಖು ಬರೆಯುವವರು ಯಾರೂ ಇಲ್ಲ ಎಂದು ಹೊಳೆದದ್ದು ಆಗಲೇ.

ಹದಿನೈದು ದಿನಕ್ಕೊಂದು ಹಾಳೆ. ಒಂದೊಂದು ಸುದ್ದಿಯ ಮುಂದೆ ಒಂದು ಅಕ್ಷರ: ನೋ ಎಂದರೆ ನೋಡಿದ್ದು, ಕೇ ಎಂದರೆ ನೋಡಿದವರಿಂದ ಕೇಳಿದ್ದು, ಗಾ ಎಂದರೆ ಗಾಳಿಸುದ್ದಿ. ಹೇಳಿದವರ ಹೆಸರು ಹಾಳೆಯಲ್ಲಿ ಇರುತ್ತಿರಲಿಲ್ಲ. ಅದು ಮನೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿ. ಊರಿನಲ್ಲಿ ಮೋಡಿ ಓದಬಲ್ಲವರು ಇಬ್ಬರು ಮುದುಕರು, ಒಬ್ಬರಿಗೆ ಕಣ್ಣಿಗೆ ಪೊರೆ ಬಂದಿತ್ತು. ಸಾಹಿತಿ ಶಿವರಾಮ ಕಾರಂತರು ತುರ್ತುಪರಿಸ್ಥಿತಿ ವಿರೋಧಿಸಿ ಪದ್ಮಭೂಷಣ ಹಿಂದಿರುಗಿಸಿದ್ದು ಮೊದಲು ಗಾ ಎಂದೇ ಹೋಯಿತು, ಎರಡು ಹಾಳೆಗಳ ನಂತರ ಕೇ ಆಯಿತು. ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕು ತುರ್ತುಪರಿಸ್ಥಿತಿಯಲ್ಲಿ ಇಲ್ಲ ಎಂದ 1976ರ ಏಪ್ರಿಲ್ 28ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ನಾಲ್ವರು ನ್ಯಾಯಮೂರ್ತಿಗಳಿಗೆ ಎರಡು ಸಾಲು ಕೊಟ್ಟು, ಒಬ್ಬರೇ ಎದುರು ನಿಂತ ಎಚ್.ಆರ್. ಖನ್ನಾ ಅವರಿಗೆ ಒಂದು ಇಡೀ ಮಗ್ಗುಲು ಬಿಟ್ಟುಕೊಟ್ಟೆ. ಇತಿಹಾಸಕಾರನಿಗೆ ಇದು ಸರಿಯಲ್ಲ, ಗೊತ್ತು.

"ಘೋಷಣೆ ಇಲ್ಲದ ಹಾಳೆಯನ್ನು ಯಾರು ಓದುತ್ತಾರೆ ಮಾಸ್ತರೇ? ಪಂಚಾಂಗ ಮಾಡಿದ್ದೀರಿ" ಎಂದರು ಸಂಘಟನೆಯ ಹಿರಿಯರೊಬ್ಬರು.

ಊರಿನಲ್ಲಿದ್ದ ಕನ್ನಡ ಟೈಪ್‌ರೈಟರುಗಳು ಎರಡು. ಯಾವುದರ ಯಾವ ಒತ್ತಕ್ಷರ ಮುರಿದಿದೆ ಎಂದು ಕೋರ್ಟಿನ ಗುಮಾಸ್ತರಿಗೆಲ್ಲ ಬಾಯಿಪಾಠ. ಆದ್ದರಿಂದ ಕೈಬರಹ, ಅದೂ ಶಿಷ್ಯರು ಗುರುತಿಸದಂತೆ ಎಡಗೈಯಲ್ಲಿ. ಪ್ರತಿ ತೆಗೆಯಲು ಹಳೆಯ ಅಂಟಿನ ತಟ್ಟೆಯ ಪದ್ಧತಿ: ಗಾಢ ಶಾಯಿಯಲ್ಲಿ ಬರೆದ ಹಾಳೆಯನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿದ ಅಂಟಿನ ಮೇಲೆ ಒತ್ತಿದರೆ ಬರಹ ಅದಕ್ಕಿಳಿಯುತ್ತದೆ, ಆಮೇಲೆ ಖಾಲಿ ಹಾಳೆ ಒತ್ತಿ ಒಂದೊಂದೇ ಪ್ರತಿ ಎತ್ತಬೇಕು. ಮೊದಲು ಜೆಲಾಟಿನ್ ತಂದು ಕಾಯಿಸಿದೆ. "ಎಲುಬಿನ ವಾಸನೆ ಬರುತ್ತಿದೆಯಲ್ಲೋ" ಎಂದು ಅವ್ವ ಪಾತ್ರೆಯ ಸಮೇತ ಹಿತ್ತಲಿಗೆ ಎಸೆದಳು. 40 ರೂಪಾಯಿ ಹೋಯಿತು, ಪಾತ್ರೆಯ ಬೆಲೆ ಬೇರೆ. ಮುಂದಿನದು ಚೈನಾ ಗ್ರಾಸ್, ಕಡಲಪಾಚಿಯ ಅಂಟು. ಮೊದಲ ತಟ್ಟೆ ಬರ್ಫಿಯ ಹಾಗೆ ಗಟ್ಟಿಯಾಗಿ ಕಾಗದದ ಜೊತೆ ಕಿತ್ತು ಬಂತು. ಎರಡನೆಯದಕ್ಕೆ ಸಕ್ಕರೆ ಹಾಕಿದೆ, ಬೆಳಗಾಗುವಷ್ಟರಲ್ಲಿ ಇರುವೆ. ಮೂರನೆಯದು ಮಾರ್ಚ್ ಬಿಸಿಲಿಗೆ ನೀರೊಡೆಯಿತು. ಕೈಹಿಡಿದದ್ದು ಗ್ಲಿಸರಿನ್: ನೀರಿಗಿಂತ ಅದೇ ಹೆಚ್ಚಿರಬೇಕು, ಬಿಸಿಯಿರುವಾಗಲೇ ಸೇರಿಸಬೇಕು. ಒಂದೇ ಅಂಗಡಿಯಲ್ಲಿ ಎರಡು ಬಾಟಲಿ ಕೊಳ್ಳಬಾರದು. ಇದರ ಜೊತೆಗೆ ಅಡುಗೆಮನೆಯ ಇನ್ನೊಂದು ಪದಾರ್ಥ ಒಂದು ಚಮಚ ಬೀಳುತ್ತಿತ್ತು. ಅದನ್ನು ಹೇಳುವುದಿಲ್ಲ, ಕಿಚಾಯಿಸಿದವರು ತಾವೇ ಕಂಡುಕೊಳ್ಳಲಿ. ಆಮೇಲೆ ತಟ್ಟೆಯೊಂದಕ್ಕೆ 40 ಪ್ರತಿಗೆ ಕಡಿಮೆ ಬಂದದ್ದಿಲ್ಲ. ಒಮ್ಮೆ 52 ಬಂತು, ಕೊನೆಯ ಏಳೆಂಟು ದೀಪಕ್ಕೆ ಹಿಡಿದು ಓದಬೇಕಿತ್ತು. ಹದಿನೈದು ದಿನದ ಒಂದು ಹಾಳೆಗೆ ಪ್ರತಿಗಳೆಲ್ಲ ಸೇರಿ 11-12 ರೂಪಾಯಿ ಬೀಳುತ್ತಿತ್ತು.

ಶಾಯಿ ಎಂದರೆ ಆಗ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ಜೆನ್ಷಿಯನ್ ವಯಲೆಟ್ ಪುಡಿ. ಅದು ಬೆರಳಿನಿಂದ ನಾಲ್ಕು ದಿನ ಹೋಗುವುದಿಲ್ಲ. ಒಂದು ಸಂಜೆ ಹವಾಲ್ದಾರರು ಸುಮ್ಮನೆ ಬಂದು ಕುಳಿತರು. ಚಹಾದ ಬಸಿ ಕೊಡುವಾಗ ಅವರ ಕಣ್ಣು ನನ್ನ ಹೆಬ್ಬೆರಳಿನ ಮೇಲೆ ನಿಂತಿತು. ಅವ್ವ ಒಳಗಿನಿಂದ ನನ್ನ ಮಗಳನ್ನು ಎತ್ತಿಕೊಂಡು ಬಂದು, "ಬಾಯಿ ತೆಗಿ ಕೂಸೇ, ಮಾಮಾನಿಗೆ ತೋರಿಸು" ಎಂದಳು. ನಾಲಿಗೆ ನೇರಳೆ ಹಣ್ಣು ತಿಂದಂತೆ ಕಡುನೇರಳೆ. ಹುಣ್ಣು ಮಾತ್ರ ಒಂದೂ ಇರಲಿಲ್ಲ. ಹವಾಲ್ದಾರರು ಜೇನುತುಪ್ಪ ಹಚ್ಚಲು ಹೇಳಿ ಹೋದರು. ಅಂದಿನಿಂದ ತಟ್ಟೆ ಇಟ್ಟ ದಿನವೆಲ್ಲ ಪಾಪ ಆ ಕೂಸಿನ ನಾಲಿಗೆಗೂ ಬಣ್ಣ.

ಕರಡು ಬರೆದುಕೊಳ್ಳಲು ಹಿಂದಿನವರ ಕಡತ, ಅಂದರೆ ಬರೆದು ಒರೆಸುವ ಕಪ್ಪು ಬಟ್ಟೆ, ಮಾಡಿ ನೋಡಿದ ಹುಚ್ಚೂ ಉಂಟು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಬಳಪದಲ್ಲಿ ಬರೆದರೆ, ಯಾರಾದರೂ ಬಾಗಿಲು ಬಡಿದಾಗ ಒರೆಸಿಬಿಡಬಹುದು ಎಂಬ ಲೆಕ್ಕ. ಒರೆಸಿದರೆ ಹೋಯಿತು ನಿಜ, ಒರೆಸದಿದ್ದರೂ ಹೋಯಿತು. ನನ್ನ ಅಂಟು ಕಚ್ಚಲೇ ಇಲ್ಲ. ಮೂಲಪ್ರತಿಗಳನ್ನು ಡಬ್ಬಿಯಲ್ಲಿಟ್ಟು, ಮೇಣ ಹಚ್ಚಿ, ಕರಿಬೇವಿನ ಬುಡದಲ್ಲಿ ಹೂತೆ. ಸರ್ಕಾರವೂ 1973ರ ಆಗಸ್ಟ್ 15ರಂದು ಕೆಂಪು ಕೋಟೆಯಲ್ಲಿ ತನಗೆ ಬೇಕಾದ ಇತಿಹಾಸವನ್ನು ಮುಂದಿನ ಪೀಳಿಗೆಗೆಂದು ಕಾಲಪಾತ್ರದಲ್ಲಿ (ಟೈಮ್ ಕ್ಯಾಪ್ಸೂಲ್) ಹೂತಿತ್ತಲ್ಲ, ನನ್ನದೂ ಒಂದಿರಲಿ ಎಂದು. ಅವರದನ್ನು 1977ರ ಡಿಸೆಂಬರಿನಲ್ಲಿ ಜನತಾ ಸರ್ಕಾರ ಅಗೆದು ತೆಗೆಯಿತು. ನನ್ನದನ್ನು ಅಷ್ಟರೊಳಗೆ ಗೆದ್ದಲು ತೆಗೆದಿತ್ತು; ಮೂರು ತಿಂಗಳ ಹಾಳೆಗಳು ಮಣ್ಣು.

ನಮ್ಮ ಹಾಳೆ ಊರನ್ನು ಬದಲಿಸಿತು ಎಂದು ನಾನು ಹೇಳುವುದಿಲ್ಲ. 1977ರ ಮಾರ್ಚಿನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಆದರೆ ಆ ಬೇಸಿಗೆಯಲ್ಲಿ ಸೆರೆಯಿಂದ ಬಂದ ಶಾಲಾ ಮಾಸ್ತರರೊಬ್ಬರಿಗೆ ಸಂಬಳದ ತಕರಾರು ಎದ್ದಿತು. ದಾಖಲೆಯಲ್ಲಿ ಬಂಧನದ ದಿನವನ್ನು ನಾಲ್ಕು ದಿನ ಮುಂದೆ ಹಾಕಿ, ಅಲ್ಲಿಯವರೆಗೆ ಹೇಳದೆ ಕೇಳದೆ ಶಾಲೆಗೆ ಗೈರುಹಾಜರು ಎಂದು ಬರೆದಿದ್ದರು. ನಮ್ಮ ಹಾಳೆಯಲ್ಲಿ ಸರಿಯಾದ ತಾರೀಖಿತ್ತು, ಮುಂದೆ ಕೇ. ನೇರಳೆ ಹಾಳೆಯನ್ನು ಯಾರು ನಂಬುತ್ತಾರೆ? ಹಾಲಿನ ಪುಸ್ತಕ ತೆಗೆದೆ. ನೋಡಿದವನು ಉಡುಪಿ ಹೋಟೆಲಿನ ಮಾಣಿ. ಹುಬ್ಬಳ್ಳಿಗೆ ಹೋಗಿ ಸೇರಿಕೊಂಡಿದ್ದ ಅವನನ್ನು ಎರಡು ದಿನ ಹುಡುಕಿ ಕರೆತಂದೆವು. ಅವನು ಹೇಳಿಕೆ ಕೊಟ್ಟ, ಬಾಕಿ ಬಂತು. ಪಂಚಾಂಗ ಎಂದಿದ್ದ ಹಿರಿಯರೇ ಬಸ್ ಚಾರ್ಜು ಕೊಟ್ಟರು.

ಅದೇ ಮಾಸ್ತರರು ಒಂದು ಸಂಜೆ ಮನೆಗೆ ಬಂದು ಹಳೆಯ ಹಾಳೆಗಳನ್ನೆಲ್ಲ ಕೇಳಿ ಓದಿದರು. 1976ರ ಮಳೆಗಾಲದ ಒಂದರಲ್ಲಿ ಅವರು ಜೈಲಿನಲ್ಲಿ ತೀರಿಕೊಂಡರೆಂಬ ಸಾಲಿತ್ತು, ಮುಂದೆ ಗಾ. ಪೆನ್ನು ಕೇಳಿ ತೆಗೆದುಕೊಂಡು ಗಾ ಹೊಡೆದುಹಾಕಿದರು. "ಸುಳ್ಳು. ನೋ" ಎಂದು ಬರೆದು ಕೆಳಗೆ ಸಹಿ ಹಾಕಿದರು.